ಗ್ಯಾಸಿಗೂ ಇಳುವರಿ ನೋಡ್ರಿ

ಆಳಂದ ಕಡೆಯ ಭೂಸನೂರ ಅಂದ್ರೆ ಸಕ್ಕರೆ ಕಾರ್ಖಾನೆ. ಕಬ್ಬಿಗೆ ತೂಕ ಒಂದೇ ಸಾಲದು, ಇಳುವರಿನೂ ನೋಡಬೇಕು ಅಂತ ಅಲ್ಲಿಯ ರೈತರಿಗೆ ಗೊತ್ತು: 2024-25ರ ಎಫ್‌ಆರ್‌ಪಿ ಕ್ವಿಂಟಲಿಗೆ 340 ರೂಪಾಯಿ, ಅದೂ 10.25% ಇಳುವರಿ ಇದ್ದರೆ. ಇಂಥ ಕಾರ್ಖಾನೆಗಳ ಪ್ರೆಸ್‌ಮಡ್‌ನಿಂದ ಗ್ಯಾಸ್ ಮಾಡ್ತೀವಿ ಅಂತ ಹೊರಡುವ ನಾವು ಮಾತ್ರ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ‘ಇಷ್ಟು ಘನ ಮೀಟರ್’ ಅಂತ ಬರೆದು ಕೈತೊಳೆದುಕೊಳ್ತೀವಿ.

ಯಾವ ಉಷ್ಣತೆ, ಯಾವ ಒತ್ತಡದಲ್ಲಿ? ಮೀಥೇನ್ ಎಷ್ಟು? ಹಸಿ ಬಯೋಗ್ಯಾಸ್‌ನಲ್ಲಿ ಅದು ಸುಮಾರು 60%. ಉಳಿದದ್ದು ಹೆಚ್ಚಾಗಿ ಉರಿಯದ ಕಾರ್ಬನ್ ಡೈಆಕ್ಸೈಡ್. ತೂಗಿದರಂತೂ ಇನ್ನೂ ಮೋಸ. ಆ ಉರಿಯದ್ದೇ ಮೀಥೇನಿಗಿಂತ ಪೌಣೇಮೂರು ಪಟ್ಟು ಭಾರ, ಹಾಗಾಗಿ ಕಿಲೋ ಗ್ಯಾಸಿನಲ್ಲಿ ಮೀಥೇನ್ ಸುಮಾರು 350 ಗ್ರಾಂ ಅಷ್ಟೇ! ನೈಸರ್ಗಿಕ ಅನಿಲದ ಜಾಗಕ್ಕೆ ಬರಬೇಕಾದರೆ ಐಎಸ್ 16087 ಕನಿಷ್ಠ 90% ಮೀಥೇನ್ ಕೇಳುತ್ತೆ. ಮೀಥೇನ್ ಅಂಶ, ಮೆಗಾಜೂಲ್ ಎರಡೂ ಬರೆಯದ ರಿಪೋರ್ಟನ್ನು ಗೈಡ್‌ಗಳು ವಾಪಸ್ ಕೊಡಲಿ, ನಮ್ಮದನ್ನೇ ಮೊದಲು.