ಇಗರ್ಜಿಯ ಅಂಗಳದಲ್ಲಿ ಬೇಸಗೆ ರಜೆ

ಈ ಸಂಚಿಕೆ ವಾಚಕರ ಕೈಸೇರುವ ಹೊತ್ತಿಗೆ ಮನೆಮನೆಯಲ್ಲೂ ಪರೀಕ್ಷೆಯ ಗಡಿಬಿಡಿ ನಡೆದಿರುತ್ತದೆ. ಅದು ಮುಗಿದೊಡನೆ ಮುಂಬಯಿಯ ನಮ್ಮ ಕುಟುಂಬಗಳಿಗೆ ಇನ್ನೊಂದು ಚಿಂತೆ ಹತ್ತುತ್ತದೆ. ರಜೆ ಮುಗಿದು ಜೂನ್ ತಿಂಗಳಲ್ಲಿ ಶಾಲೆಯ ಗಂಟೆ ಬಾರಿಸುವವರೆಗೆ ಈ ಮಕ್ಕಳನ್ನು ಏನು ಮಾಡುವುದು?

ಹಿಂದಿನವರಿಗೆ ಈ ಪ್ರಶ್ನೆ ಇರಲಿಲ್ಲ. ರಜೆ ಬಂತೆಂದರೆ ಗಂಟುಮೂಟೆ ಕಟ್ಟಿ ಊರಿಗೆ ಹೊರಡುವುದೇ ಪದ್ಧತಿ. ಹಡಗಿನಲ್ಲೋ ಬಸ್ಸಿನಲ್ಲೋ ಮೈ ಹಣ್ಣಾಗಿ ಊರು ಮುಟ್ಟಿದರೂ ಅಜ್ಜಿಮನೆಯ ಮಾವು, ಹಲಸು, ತೋಟದ ಕೆರೆ ಎಲ್ಲ ದಣಿವನ್ನೂ ಮರೆಸುತ್ತಿದ್ದವು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ಕರಾವಳಿಯವರ ಪ್ರಯಾಣ ಹಗುರವಾಯಿತು. ಆದರೆ ಅಷ್ಟರಲ್ಲಿ ರಜೆಯೇ ಕಿರಿದಾಗಿ ಹೋಯಿತು. ತಾಯಿ ತಂದೆ ಇಬ್ಬರೂ ದುಡಿಯುವ ಮನೆಯಲ್ಲಿ ಒಟ್ಟಿಗೆ ಹತ್ತು ದಿನ ಬಿಡುವು ಸಿಕ್ಕರೆ ಅದೇ ಪುಣ್ಯ. ಊರಿನ ಎಷ್ಟೋ ಮನೆಗಳಿಗೆ ಬೀಗವೂ ಬಿದ್ದಿದೆ. ಉಳಿದ ದಿನಗಳಲ್ಲಿ ಮಕ್ಕಳಿಗೆ ನಾಲ್ಕು ಗೋಡೆ, ಒಂದು ಫ್ಯಾನು, ಕೈಯಲ್ಲೊಂದು ಮೊಬೈಲು.

ಈ ಚಿಂತೆಗೆ ನಮ್ಮ ನೆರೆಯಲ್ಲೇ ಕೆಲವರು ಪರಿಹಾರ ಕಂಡುಕೊಂಡಿದ್ದಾರೆ. ಬಾಂದ್ರಾ, ಮಾಹಿಮ್, ಬೈಕಲಾ, ಅಂಧೇರಿ, ಹೀಗೆ ನಗರದ ಯಾವ ಭಾಗದಲ್ಲಿ ವಾಸವಾಗಿದ್ದರೂ ಸಮೀಪದಲ್ಲೊಂದು ಇಗರ್ಜಿ ಇದ್ದೇ ಇರುತ್ತದೆ. ಮೇ ತಿಂಗಳಲ್ಲಿ ಬೆಳಗಿನ ಹೊತ್ತು ಅದರ ಅಂಗಳದ ಕಡೆ ಕಣ್ಣು ಹಾಯಿಸಿದರೆ ಮಕ್ಕಳ ಶಿಬಿರ ನಡೆದಿರುವುದು ಕಾಣುತ್ತದೆ. ಒಂದು ಮೂಲೆಯಲ್ಲಿ ಹಾಡು, ಇನ್ನೊಂದರಲ್ಲಿ ಕಾಗದದ ಕೆಲಸ, ನಡುವೆ ಕಾಲ್ಚೆಂಡು. ಕಲಿಸುವವರು ಸಂಬಳದ ಮಾಸ್ತರರಲ್ಲ. ಹೆಚ್ಚಿನವರು ಆಗತಾನೆ ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿರುವ ಹುಡುಗ ಹುಡುಗಿಯರು. ಕೆಲವು ತಾಯಂದಿರು ಸರದಿಯ ಮೇಲೆ ಶರಬತ್ತು ಮಾಡಿ ತರುತ್ತಾರೆ. ಕೊನೆಯ ದಿನ ಒಂದು ಪುಟ್ಟ ನಾಟಕ, ಒಂದಿಷ್ಟು ಬಹುಮಾನ. ದೊಡ್ಡ ಖರ್ಚಿಲ್ಲ, ದೊಡ್ಡ ಭಾಷಣವಿಲ್ಲ.

ಸಂಜೆಗೆ ಇದೇ ಜನ ಗಲ್ಲಿಯ ಕುರ್ಸಿನ ಮುಂದೆ ಕೂಡುತ್ತಾರೆ. ಮುಂಬಯಿಯ ಹಳೆಯ ವಾಡಿಗಳಲ್ಲಿ ದಾರಿಯ ಬದಿ ಕಲ್ಲಿನ ಕುರ್ಸುಗಳನ್ನು ನೀವು ನೋಡಿರಬಹುದು. ಅವುಗಳಲ್ಲಿ ಅನೇಕವು 1896ರಲ್ಲಿ ಈ ನಗರಕ್ಕೆ ಪ್ಲೇಗು ಬಡಿದ ಕಾಲದಲ್ಲಿ ಜನರು ತಮ್ಮ ಕೇರಿಯನ್ನು ಕಾಪಾಡೆಂದು ಮೊರೆಯಿಟ್ಟು ನಿಲ್ಲಿಸಿದವು. ಕೆಥೊಲಿಕರಿಗೆ ಮೇ ತಿಂಗಳು ಮರಿಯಮ್ಮನವರ ತಿಂಗಳು. ಆದುದರಿಂದ ಹೂವು ಮೇಣದ ಬತ್ತಿಗಳಿಂದ ಕುರ್ಸನ್ನು ಸಿಂಗರಿಸಿ ತೇರ್ಸ ಹೇಳುತ್ತಾರೆ, ಲದಿನ್ ಹಾಡುತ್ತಾರೆ, ಬಂದವರಿಗೆ ಬೇಯಿಸಿದ ಕಡಲೆ ಹಂಚುತ್ತಾರೆ. ಪ್ಲೇಗು ಹೋಗಿ ಶತಮಾನ ಕಳೆದಿದೆ. ಕೂಡುವ ವಾಡಿಕೆ ಉಳಿದಿದೆ. ಎದುರುಮನೆಯ ಮುದುಕಿ ಎರಡು ಸಂಜೆ ಬಾರದಿದ್ದರೆ ಮೂರನೆಯ ದಿನ ಯಾರಾದರೂ ಹೋಗಿ ಬಾಗಿಲು ತಟ್ಟುತ್ತಾರೆ. ನಗರವಾಸದಲ್ಲಿ ಇದು ಸಣ್ಣ ಮಾತಲ್ಲ.

ಈ ಜನರಿಗೆ ಇದು ಹೇಗೆ ಸಾಧ್ಯವಾಗುತ್ತದೆ ಎಂದು ವಿಚಾರಿಸಿದರೆ ಕಾರಣ ಸರಳವಾಗಿದೆ. ಇಗರ್ಜಿಯ ಒಕ್ಕೂಟ ನೆಲವನ್ನು ನಂಬಿ ನಿಂತದ್ದು. ಮಂಗಳೂರಿನ ಕಡೆಯವರು ಇದನ್ನು ಫಿರ್ಗಜ್ ಎನ್ನುತ್ತಾರೆ. ಅದರ ಎಲ್ಲೆಯೊಳಗೆ ಮನೆ ಮಾಡಿದ ಪ್ರತಿಯೊಬ್ಬ ಕೆಥೊಲಿಕನೂ, ಗೋವೆಯವನಿರಲಿ, ಮಂಗಳೂರಿನವನಿರಲಿ, ತಮಿಳನಿರಲಿ, ಅದೇ ಫಿರ್ಗಜಿಗೆ ಸೇರಿದವನು. 1983ರ ಸಭಾ ಕಾನೂನು ಸಂಹಿತೆ ಇದನ್ನೇ ಸಾಮಾನ್ಯ ನಿಯಮವಾಗಿ ಹೇಳಿ, ಅಗತ್ಯವಿದ್ದಲ್ಲಿ ಭಾಷೆಯ ಆಧಾರದ ಮೇಲೂ ಫಿರ್ಗಜ್ ಮಾಡಬಹುದೆಂದು ಅವಕಾಶ ಕೊಟ್ಟಿದೆ. ಪ್ರತಿ ಫಿರ್ಗಜಿಗೂ ಹಣಕಾಸಿನ ಸಮಿತಿ ಇರತಕ್ಕದ್ದೆಂದೂ ಅದೇ ಸಂಹಿತೆ ವಿಧಿಸಿದೆ. ಊರಿನಲ್ಲಿ ಒಂದೊಂದು ವಾಡೊವಿಗೆ ಒಬ್ಬ ಗುರ್ಕಾರ ಇದ್ದು ಮನೆಗಳ ಕಷ್ಟಸುಖ ವಿಚಾರಿಸುವ ಪದ್ಧತಿಯನ್ನು ದಕ್ಷಿಣ ಕನ್ನಡದ ವಾಚಕರು ಬಲ್ಲರು. ಮುಂಬಯಿಯಲ್ಲಿಯೂ ಅಕ್ಕಪಕ್ಕದ ಮನೆಗಳ ಸಣ್ಣ ಸಣ್ಣ ಗುಂಪುಗಳು ಹೀಗೆಯೇ ಕೂಡುತ್ತವೆ.

ನಮ್ಮ ಸಂಘಗಳ ಸ್ಥಿತಿ ಇದಕ್ಕೆ ತಿರುಗುಮುರುಗು. ನಾವು ನುಡಿಯನ್ನು ನಂಬಿ ನಿಂತವರು, ಊರನ್ನು ನಂಬಿ ನಿಂತವರು. ನಮ್ಮ ಸದಸ್ಯರು ಕೊಲಾಬಾದಿಂದ ವಿರಾರಿನವರೆಗೆ, ಅತ್ತ ಪನವೇಲಿನವರೆಗೆ ಚದರಿಹೋಗಿದ್ದಾರೆ. ರಾಜ್ಯೋತ್ಸವಕ್ಕೆ, ಯಕ್ಷಗಾನಕ್ಕೆ ಎರಡು ಲೋಕಲ್ ಬದಲಿಸಿ ಬರುತ್ತಾರೆ. ಊಟ ಮುಗಿಸಿ ಕೊನೆಯ ಗಾಡಿ ತಪ್ಪೀತೆಂದು ಓಡುತ್ತಾರೆ. ಅಷ್ಟು ದೂರಕ್ಕೆ ಎಂಟು ವರ್ಷದ ಮಗುವನ್ನು ದಿನಾ ಕಳಿಸುವುದು ಯಾರಿಂದಲೂ ಆಗದು. ಆದ್ದರಿಂದಲೇ ಒಂದೇ ಸಭಾಂಗಣದಲ್ಲಿ ನಡೆಸುವ ಮಕ್ಕಳ ತರಗತಿಗಳು ಮೊದಲ ವಾರ ತುಂಬಿ ಮೂರನೆಯ ವಾರ ಬರಿದಾಗುತ್ತವೆ. ಇದರಲ್ಲಿ ಮಕ್ಕಳ ತಪ್ಪೂ ಇಲ್ಲ, ಪಾಲಕರ ತಪ್ಪೂ ಇಲ್ಲ. ದೂರವೇ ಶತ್ರು.

ಬೇಸಗೆ ಶಾಲೆಯೆಂಬುದು ಹುಟ್ಟಿದ ಬಗೆಯೂ ಇಲ್ಲಿ ನೆನೆಯತಕ್ಕದ್ದು. 1898ರಲ್ಲಿ ನ್ಯೂಯಾರ್ಕ್ ನಗರದ ಪೂರ್ವಭಾಗದಲ್ಲಿ ಹಾಸ್ ಎಂಬ ವೈದ್ಯರ ಪತ್ನಿಯೊಬ್ಬರು ರಜೆಯಲ್ಲಿ ಬೀದಿ ಅಲೆಯುತ್ತಿದ್ದ ಮಕ್ಕಳನ್ನು ಕಂಡು ಅವರಿಗಾಗಿ ಶಾಲೆ ತೆರೆದರು. ಆ ಭಾಗ ಹೊರನಾಡುಗಳಿಂದ ಹೊಟ್ಟೆಪಾಡಿಗೆ ಬಂದವರಿಂದ ತುಂಬಿತ್ತು. ಜಾಗಕ್ಕಾಗಿ ಅವರು ಬಾಡಿಗೆಗೆ ಹಿಡಿದದ್ದು ಒಂದು ಬಿಯರ್ ಅಂಗಡಿಯನ್ನು! ಪ್ರೊಟೆಸ್ಟಂಟ್ ಸಭೆಗಳು ಇಂದು ಲೋಕದಾದ್ಯಂತ ನಡೆಸುವ ರಜಾಕಾಲದ ಬೈಬಲ್ ಶಾಲೆಗಳ ಮೂಲವನ್ನು ಹೇಳುವಾಗ ಈ ಶಾಲೆಯ ಹೆಸರು ಬರುತ್ತದೆ.

ಈ ಜಾಣ್ಮೆ ನಮಗೆ ಹೊಸದಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಗುಮಾಸ್ತರೂ ವಕೀಲರೂ ಆದ ಮುಂಬಯಿ ಕನ್ನಡಿಗರ ಕಥೆ ಪ್ರತಿ ಸಂಘದ ಇತಿಹಾಸದಲ್ಲೂ ಇದೆ. ಮಕ್ಕಳು ಬಿಟ್ಟುಹೋದ ಬೆಂಚುಗಳ ಮೇಲೆ ರಾತ್ರಿ ದೊಡ್ಡವರು ಕುಳಿತರು. ಸ್ವಂತ ಕಟ್ಟಡವಾಗಲಿ ಎಂದು ಅವರು ಕಾದಿದ್ದರೆ ಒಂದು ತಲೆಮಾರು ಹೆಬ್ಬೆಟ್ಟು ಒತ್ತಿಯೇ ಕಳೆಯುತ್ತಿತ್ತು.

ಈಗ ಮುಖ್ಯ ಮಾತಿಗೆ ಬರೋಣ. ನಮಗೆ ಪರಿಚಿತವಾದ ಒಂದು ಮನೆಯಲ್ಲಿ ಅಜ್ಜಿಯ ಬಳಿ ಊರಿನಿಂದ ತಂದ ಕೊಂಕಣಿ ಪ್ರಾರ್ಥನೆಯ ಪುಸ್ತಕವಿದೆ. ಕನ್ನಡ ಲಿಪಿಯಲ್ಲಿ ಅಚ್ಚಾದದ್ದು. ಮಂಗಳೂರಿನ ಕೆಥೊಲಿಕರು ಮನೆಯಲ್ಲಿ ಕೊಂಕಣಿ ಆಡಿದರೂ ಓದುಬರೆಹಕ್ಕೆ ಕನ್ನಡ ಲಿಪಿಯನ್ನೇ ಹಿಡಿದವರು. 1938ರಲ್ಲಿ ಆರಂಭವಾದ ‘ರಾಕ್ಣೊ’ ಪತ್ರಿಕೆಯೂ ಅದೇ ಲಿಪಿಯದು. ಅಜ್ಜಿಗೆ ಕಣ್ಣು ಮಂಜಾಗಿದೆ. ಓದಿ ಹೇಳೆಂದು ಮೊಮ್ಮಗನಿಗೆ ಪುಸ್ತಕ ಚಾಚುತ್ತಾಳೆ. ಹುಡುಗ ಜಾಣ. ಕೊಂಕಣಿ ಮಾತಾಡುತ್ತಾನೆ, ಮರಾಠಿ ಓದುತ್ತಾನೆ, ಇಂಗ್ಲಿಷಿನಲ್ಲಿ ಬಹುಮಾನ ಪಡೆದಿದ್ದಾನೆ. ಆದರೆ ಆ ಪುಟ ಅವನ ಪಾಲಿಗೆ ಬರಿಯ ಗೀಟುಗಳು. ನುಡಿ ಬಲ್ಲ, ಅಕ್ಷರ ಅರಿಯ. ಎರಡನೆಯ ವ್ಯಾಟಿಕನ್ ಸಮ್ಮೇಳನ 1962ರಿಂದ 1965ರವರೆಗೆ ಕೂಡಿ, ಲ್ಯಾಟಿನ್ ಇದ್ದ ಪೂಜೆಯನ್ನು ಜನರ ನುಡಿಗೆ ತರಲು ದಾರಿ ಮಾಡಿತು. ಪೀಠದವರೆಗೆ ಬಂದ ನುಡಿ ಈಗ ಮೊಮ್ಮಗನ ಕಣ್ಣಿನಲ್ಲಿ ನಿಂತುಹೋಗಿದೆ.

ಇದು ಕ್ರೈಸ್ತರ ಮನೆಯ ಮಾತು ಮಾತ್ರವೆಂದು ಉಳಿದವರು ಸುಮ್ಮನಿರುವಂತಿಲ್ಲ. ಹವ್ಯಕರ ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಗದಗಳಿವೆ, ಬಂಟರ ಮನೆಯಲ್ಲಿ ಯಕ್ಷಗಾನ ಪ್ರಸಂಗಗಳಿವೆ. ಭಾವನೆಯ ಮಾತು ಬಿಡಿ, ಊರಿನ ಜಮೀನಿನ ಪಹಣಿ ಪತ್ರ ಕನ್ನಡದಲ್ಲಿದೆ. ನಾಳೆ ಪಾಲುಪಟ್ಟಿಯ ಹೊತ್ತಿಗೆ ತನ್ನ ಹೆಸರು ಯಾವ ಸಾಲಿನಲ್ಲಿದೆ ಎಂದು ಬೇರೆಯವರನ್ನು ಕೇಳಬೇಕಾದ ಮಗನಿಗೆ ನಾವು ಏನು ಕೊಟ್ಟಂತಾಯಿತು?

ಕೆಲಸ ಕಷ್ಟವೇನೂ ಅಲ್ಲ. ದೇವನಾಗರಿ ಬಲ್ಲ ಮಗುವಿಗೆ ಕನ್ನಡ ವರ್ಣಮಾಲೆಯ ಕ್ರಮ ಆಗಲೇ ಗೊತ್ತಿದೆ. ಕ ಖ ಗ ಘ ಎಂಬ ಸಾಲು ಎರಡರಲ್ಲೂ ಒಂದೇ. ಮರಾಠಿ ಕಲಿತವರಿಗೆ ಳಕಾರವೂ ಹೊಸದಲ್ಲ. ಎ ಏ, ಒ ಓ ಎಂಬ ಹ್ರಸ್ವ ದೀರ್ಘಗಳ ಭೇದವನ್ನಷ್ಟೇ ಹೊಸದಾಗಿ ತಿಳಿಸಬೇಕು. ಉಳಿದದ್ದು ಆಕಾರದ ಪರಿಚಯ. ನಾಲ್ವತ್ತೊಂಬತ್ತು ಅಕ್ಷರಗಳನ್ನು ದಿನಕ್ಕೆ ನಾಲ್ಕರಂತೆ ಕಲಿಸಿದರೆ ಹದಿಮೂರು ದಿನ. ವಾರಕ್ಕೆ ಐದು ದಿನದಂತೆ ಮೇ ತಿಂಗಳಲ್ಲಿ ಕಾಗುಣಿತಕ್ಕೂ ಒತ್ತಕ್ಷರಕ್ಕೂ ಒಂದು ವಾರಕ್ಕಿಂತ ಹೆಚ್ಚು ಉಳಿಯುತ್ತದೆ. ಜೂನ್ ಬರುವಾಗ ಮಗು ಅಂಗಡಿಯ ಫಲಕ ಓದೀತು, ಅಜ್ಜಿಯ ಪುಸ್ತಕ ತಡವರಿಸುತ್ತಲಾದರೂ ಓದೀತು.

ಆದಕಾರಣ ನಮ್ಮ ಸಲಹೆ ಇಷ್ಟೆ. ಈ ಬೇಸಗೆಯಲ್ಲಿ ಸಂಘದ ತರಗತಿ ಒಂದೇ ಕಡೆ ಬೇಡ, ಕೇರಿಕೇರಿಗೆ ಇರಲಿ. ನಡೆದು ಹೋಗುವಷ್ಟು ಸಮೀಪದಲ್ಲಿ ಐದು ಕನ್ನಡ ಮನೆಗಳಿದ್ದರೆ ಸಾಕು. ಯಾರದಾದರೂ ಹಾಲು, ಸೊಸೈಟಿಯ ಖಾಲಿ ಕೋಣೆ, ರಜೆಯಲ್ಲಿ ಮುಚ್ಚಿದ ಬಾಲವಾಡಿ, ಯಾವುದಾದರೂ ಆಗಬಹುದು. ಬೆಳಿಗ್ಗೆ ಒಂದು ಗಂಟೆ ಅಕ್ಷರ, ಒಂದು ಗಂಟೆ ಆಟ. ಪರೀಕ್ಷೆ ಮುಗಿಸಿದ, ಕನ್ನಡ ಓದಬಲ್ಲ ಅಕ್ಕ ಅಣ್ಣಂದಿರು ಕಲಿಸಲಿ. ಅಂಥವರು ಸಿಗದ ಕಡೆ ನಿವೃತ್ತರಾದ ಹಿರಿಯರು ಮನೆಯಲ್ಲಿ ಹೊತ್ತು ಹೋಗದೆ ಕುಳಿತಿದ್ದಾರೆ. ಅವರಿಗೂ ನಾಲ್ಕು ಮಕ್ಕಳ ಮುಖ ಕಂಡಂತಾಗುತ್ತದೆ. ಮಜ್ಜಿಗೆಯ ಸರದಿ ಎಲ್ಲ ಮನೆಗಳಿಗೂ ಹಂಚಲಿ. ವೆಚ್ಚದ ಲೆಕ್ಕವನ್ನು ಕೊನೆಯ ದಿನ ಎಲ್ಲರೆದುರು ಓದಲಿ.

ನೆರೆಯ ಇಗರ್ಜಿಯವರೇ ಜಾಗ ಕೊಡುತ್ತೇವೆಂದರೆ ಸಂತೋಷದಿಂದ ಕೇಳಿಕೊಳ್ಳೋಣ. ಅಲ್ಲಿಗೆ ಮಗುವನ್ನು ಕಳಿಸಿದರೆ ಧರ್ಮಬೋಧೆ ಆದೀತೇ ಎಂಬ ಅಳುಕು ಕೆಲವು ಪಾಲಕರಿಗಿದೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಗೊಣಗುವುದಕ್ಕಿಂತ ಹೋಗಿ ಕೇಳುವುದು ಮೇಲು. ದೊತೊರ್ನ್ ತರಗತಿ ಬೇರೆ, ಆಟಪಾಟದ ಶಿಬಿರ ಬೇರೆ. ಬೈಬಲ್ ಶಾಲೆಯಾದರೆ ಅದರ ಹೆಸರೇ ಹೇಳುತ್ತದೆ. ಯಾವುದಕ್ಕೆ ಕಳಿಸಬೇಕೆಂಬುದನ್ನು ತಿಳಿದು ನಿರ್ಧರಿಸಬಹುದು. ಮಾಹಿಮಿನ ಸಂತ ಮೈಕೆಲರ ಇಗರ್ಜಿಯಲ್ಲಿ 1948ರಿಂದ ನಡೆದಿರುವ ಬುಧವಾರದ ನೊವೆನಾಕ್ಕೆ ಎಲ್ಲ ಮತದವರೂ ಹೋಗಿ ಬರುವ ನಗರವಿದು. ಮಾತನಾಡಿದರೆ ಇಲ್ಲಿ ಬಗೆಹರಿಯದ್ದು ಕಡಿಮೆ.

ಇನ್ನೊಂದು ಸಂಗತಿ. 1833ರಲ್ಲಿ ಪ್ಯಾರಿಸಿನಲ್ಲಿ ಓಜನಾಂ ಮತ್ತವರ ಜೊತೆಯ ವಿದ್ಯಾರ್ಥಿಗಳು ಆರಂಭಿಸಿದ ಸಂತ ವಿನ್ಸೆಂಟ್ ಡಿ ಪಾವ್ಲರ ಸಭೆ ನಮ್ಮ ದೇಶದ ಎಷ್ಟೋ ಫಿರ್ಗಜುಗಳಲ್ಲಿದೆ. ಅದರ ಸದಸ್ಯರು ಬಡವರ ಮನೆಗೆ ತಾವೇ ಹೋಗಿ ನೋಡಿ ನೆರವಾಗುತ್ತಾರೆ. ಶಾಲೆ ತೆರೆಯುವ ಜೂನ್ ತಿಂಗಳು ಬಡಕುಟುಂಬಕ್ಕೆ ವರ್ಷದ ಕಷ್ಟದ ತಿಂಗಳು. ಪುಸ್ತಕ, ಸಮವಸ್ತ್ರ, ಮಳೆಯ ಕೊಡೆ, ಎಲ್ಲವೂ ಒಟ್ಟಿಗೆ ಬೀಳುತ್ತವೆ. ನಮ್ಮ ಕೇರಿಯ ತರಗತಿಗೆ ಬರುವ ಮಕ್ಕಳಲ್ಲಿ ಯಾರ ಚೀಲ ಹರಿದಿದೆ ಎಂಬುದು ಒಂದು ತಿಂಗಳಲ್ಲಿ ಕೇಳದೆಯೇ ತಿಳಿಯುತ್ತದೆ. ಸದ್ದಿಲ್ಲದೆ ನೆರವಾಗುವ ದಾರಿ ಅಲ್ಲಿಂದಲೇ ತೆರೆಯಬಹುದು. ಸಭಾಂಗಣದ ವೇದಿಕೆಯ ಮೇಲಿಂದ ಆ ಚೀಲ ಕಾಣುವುದಿಲ್ಲ.

ಕೋಣೆ ಕೊಡಬಲ್ಲವರು, ಒಂದು ಗಂಟೆ ಕೊಡಬಲ್ಲವರು, ತಮ್ಮ ಕೇರಿಯ ಹೆಸರನ್ನು ಬರೆದು ಸಂಘದ ಕಚೇರಿಗೆ ಏಪ್ರಿಲ್ ಮುಗಿಯುವುದರೊಳಗೆ ತಿಳಿಸಿರಿ. ಹತ್ತಿರ ಹತ್ತಿರದ ಮನೆಗಳನ್ನು ಒಂದಕ್ಕೊಂದು ಕೂಡಿಸಿಕೊಡುವ ಕೆಲಸ ನಮ್ಮದು. ಎಷ್ಟು ಕೇರಿಗಳಲ್ಲಿ ತರಗತಿ ನಡೆಯಿತು, ಎಷ್ಟು ಮಕ್ಕಳು ಕೊನೆಯವರೆಗೆ ಬಂದರು ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.