ಲೈಟ್ ಹೋದ್ರ ಲೆಕ್ಕನೂ ಹೋಗಬೇಕೇನ್ರೀ?

ಬಹಳ ದಿನ ಆಗಿತ್ತು ಇಲ್ಲಿ ಏನೂ ಬರೆಯದೆ. ಸಿಟ್ಟು ಬಂದಾಗ ಮಾತ್ರ ಬರೀತೀಯ ಅಂತ ಗೆಳೆಯರು ಬೈಯುತ್ತಾರೆ. ಇವತ್ತೂ ಅಷ್ಟೇ, ಸಿಟ್ಟು ಬಂದಿದೆ.

ಹೋದ ತಿಂಗಳು ಊರಿಗೆ, ಅಂದರೆ ಸಾವಳಗಿಗೆ ಹೋಗಿದ್ದೆ. ನಮ್ಮ ಕಾಕಾ ಅವರದು ಊರ ಹೊರಗೆ ಒಂದು ಸಣ್ಣ ವರ್ಕ್‌ಶಾಪ್ ಇದೆ. ಪಂಪಿನ ಶಾಫ್ಟು, ಟ್ರೇಲಿಯ ಬುಶ್ಶು, ಬೆಲ್ಲದ ಗಾಣದ ರೋಲರ್ ರಿಪೇರಿ, ಇಂಥವೇ ಕೆಲಸ. ಮೂರು ವರ್ಷದ ಹಿಂದೆ ಸಾಲ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ಸಿಎನ್‌ಸಿ ಲೇತ್ ತಂದು ಕೂರಿಸಿದ್ದಾರೆ. ಅದರ ಪರದೆ ಮೇಲೆ ಬ್ಯಾಟರಿ ಮುಗಿಯುತ್ತಿದೆ ಅಂತ ಕೆಂಪಕ್ಷರ ಬರತೊಡಗಿತ್ತು. ಮಾರಿದವರಿಗೆ ಫೋನ್ ಮಾಡಿದರೆ ಅವರು ಹೇಳಿದ್ದು: "ಸೆಲ್ ಬದಲಿ ಮಾಡ್ರಿ, ಆದ್ರ ಮಷಿನ್ ಮಾತ್ರ ಬಂದ್ ಮಾಡಬ್ಯಾಡ್ರಿ. ಚಾಲೂ ಇದ್ದಾಗನ ಬದಲಿ ಮಾಡ್ಬೇಕು."

ಕಾಕಾ ಹಾಗೇ ಮಾಡಿದರು. ಹಳೇ ಸೆಲ್ ಹೊರಗೆ ತೆಗೆದು, ಹೊಸ ಸೆಲ್ಲಿನ ಪ್ಲಾಸ್ಟಿಕ್ ಹರಿಯುತ್ತಿದ್ದರು. ಲೈಟ್ ಹೋಯಿತು.

ಅರ್ಧ ತಾಸಿಗೆ ಲೈಟ್ ಬಂತು. ಆದರೆ ಮಷಿನ್ನಿಗೆ ತಾನು ಎಲ್ಲಿ ನಿಂತಿದ್ದೇನೆ ಅನ್ನುವುದೇ ಮರೆತುಹೋಗಿತ್ತು. ಟೂಲ್ ಕಣ್ಣೆದುರಿಗೇ ಇದೆ, ಕೂಸಿಗೂ ಕಾಣುತ್ತದೆ, ಮಷಿನ್ನಿಗೆ ಗೊತ್ತಿಲ್ಲ. ನಾಲ್ಕು ದಿನ ಬಿಟ್ಟು ಪುಣೆಯಿಂದ ಹುಡುಗ ಬಂದ. ಡಯಲ್ ಗೇಜ್ ಹಚ್ಚಿ ಒಂದು ತಾಸಿನಲ್ಲಿ ಸೊನ್ನೆ ಕೂರಿಸಿದ. ಬಿಲ್ಲು ಮಾತ್ರ ಹೋಗಿಬರುವ ಖರ್ಚು, ಊಟ, ಎಲ್ಲ ಸೇರಿಸಿ. ಆ ನಾಲ್ಕು ದಿನ ಒಬ್ಬ ರೈತರ ಪಂಪಿನ ಶಾಫ್ಟ್ ಅರ್ಧ ಕೆಲಸವಾಗಿ ಚಕ್‌ನಲ್ಲೇ ಕೂತಿತ್ತು. ಅವರ ಕಬ್ಬಿಗೆ ನೀರಿಲ್ಲ. ದಿನಾ ಮುಂಜಾನೆ ಬಂದು ಮಷಿನ್ ಮುಂದೆ ನಿಂತು ಹೋಗುತ್ತಿದ್ದರು, ಆಸ್ಪತ್ರೆಯಲ್ಲಿ ನಿಂತ ಹಾಗೆ.

ಹೋಗುವಾಗ ಆ ಹುಡುಗ ಹೇಳಿದ ಮಾತು: "ಮಷಿನ್ದ ತಪ್ಪಿಲ್ರಿ ಕಾಕಾ, ನಿಮ್ಮ ಕಡೆ ಪವರ್ ಖರಾಬ್ ಐತಿ."

ನನ್ನ ಸಿಟ್ಟು ಈ ಮಾತಿನ ಮೇಲೆ. ಹುಡುಗನ ಮೇಲಲ್ಲ, ಪಾಪ, ಅವನಿಗೆ ಹಾಗೇ ಕಲಿಸಿ ಕಳಿಸಿರುತ್ತಾರೆ. ಲೈಟ್ ಹೋಗುವ ಊರಿಗೆ, ಲೈಟ್ ಹೋದರೆ ಬುದ್ಧಿ ಹೋಗುವ ಮಷಿನ್ ಮಾರಿ, ತಪ್ಪು ಊರಿನದು ಅನ್ನುವುದು ಯಾವ ನ್ಯಾಯ?

ವಿಷಯ ಏನು ಅಂತ ಗಾಣದ ಎತ್ತಿನಿಂದ ಹೇಳುತ್ತೇನೆ. ಗಾಣ ಸುತ್ತುವ ಎತ್ತನ್ನು ನೋಡಿದ ಕೂಡಲೇ ಅದು ಸುತ್ತಿನಲ್ಲಿ ಎಲ್ಲಿದೆ ಅಂತ ಹೇಳಬಹುದು. ಆದರೆ ಇದು ಎಷ್ಟನೇ ಸುತ್ತು? ಎತ್ತಿನ ಮುಖ ನೋಡಿದರೆ ಗೊತ್ತಾಗುವುದಿಲ್ಲ. ಯಾರಾದರೂ ಕೂತು, ಸುತ್ತಿಗೊಂದು ಕಲ್ಲು ಎತ್ತಿಡಬೇಕು. ಮೋಟರ್ ಶಾಫ್ಟಿನ ಕಥೆಯೂ ಇದೇ. ಶಾಫ್ಟಿನ ಕೋನವನ್ನು ಅಯಸ್ಕಾಂತದ ಸೆನ್ಸರ್ ಯಾವಾಗ ಬೇಕಾದರೂ ಓದಿ ಹೇಳುತ್ತದೆ. ಸುತ್ತಿನ ಲೆಕ್ಕ ಇಡುವುದಕ್ಕೆ ಕಾವಲುಗಾರ ಬೇಕು, ಅವನು ಎಚ್ಚರವಿರಲಿ ಅಂತ ಬ್ಯಾಟರಿ ಕೊಟ್ಟಿದ್ದಾರೆ. ಬ್ಯಾಟರಿ ಮುಗಿದರೆ ಕಾವಲುಗಾರ ಮಲಗುತ್ತಾನೆ, ಕಲ್ಲುಗಳೂ ಮಾಯ.

ಕಾವಲುಗಾರನೇ ಬೇಡದ ವಿದ್ಯೆ ಇಲ್ಲವೇ? ಇದೆ! ಅದಕ್ಕೇ ಇಷ್ಟು ಉರಿಯುತ್ತಿರುವುದು.

ಹಳೇ ಕರೆಂಟ್ ಮೀಟರ್ ನೆನಪಿದೆಯಾ, ಒಳಗೆ ಅಲ್ಯೂಮಿನಿಯಂ ತಟ್ಟೆ ತಿರುಗುತ್ತಿತ್ತಲ್ಲ? ಎಂಟು ದಿನ ಲೈಟ್ ಇಲ್ಲದಿದ್ದರೂ ಅದರ ಅಂಕಿ ಒಂದೂ ಅಳಿಸುತ್ತಿರಲಿಲ್ಲ, ಹಲ್ಲಿನ ಚಕ್ರದಲ್ಲಿ ಕೂತ ಲೆಕ್ಕ ಅದು. ಹೀಗೇ ಗೇರ್ ಹಾಕಿ ಸುತ್ತು ಎಣಿಸುವ ಎನ್‌ಕೋಡರ್‌ಗಳು ಎಷ್ಟೋ ಕಾಲದಿಂದ ಇವೆ. ಎರಡನೆಯದು ವೀಗಾಂಡ್ ತಂತಿ. ಜಾನ್ ವೀಗಾಂಡ್ ಅನ್ನುವವರು ಕೋಬಾಲ್ಟ್, ಕಬ್ಬಿಣ, ವನೇಡಿಯಂ ಸೇರಿದ ತಂತಿಯನ್ನು ಹೊಸೆದು, ಅದರ ಹೊರಮೈ ಒಂದು ಗುಣ, ಒಳಗಿನ ತಿರುಳು ಇನ್ನೊಂದು ಗುಣ ಇರುವ ಹಾಗೆ ಮಾಡಿದರು. 1970ರ ದಶಕದಲ್ಲಿ ಪೇಟೆಂಟ್ ಆಯಿತು. ಪಕ್ಕದಲ್ಲಿ ಅಯಸ್ಕಾಂತ ತಿರುಗಿದರೆ ಈ ತಂತಿಯ ಕಾಂತತ್ವ ಒಮ್ಮೆಲೇ ಮಗುಚಿಕೊಳ್ಳುತ್ತದೆ. ಶಾಫ್ಟ್ ಎಷ್ಟೇ ನಿಧಾನ ತಿರುಗಲಿ, ಮಗುಚುವುದು ಮಾತ್ರ ಫಟ್ ಅಂತ. ಸುತ್ತಿದ ಕಾಯ್ಲಿನಲ್ಲಿ ಆಗ ಒಂದು ಪುಟ್ಟ ವಿದ್ಯುತ್ ಹೊಡೆತ ಹುಟ್ಟುತ್ತದೆ, ಒಂದು ಅಂಕಿ ಬರೆದಿಡಲು ಅಷ್ಟು ಸಾಕು. ಎತ್ತೇ ಪ್ರತಿ ಸುತ್ತಿಗೂ ಕಾಲಿನಿಂದ ಕಲ್ಲು ಸರಿಸಿದ ಹಾಗೆ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಚಿಪ್ಪಿನ ಮೇಲೆ ಸುರುಳಿಯಾಕಾರದ ಅತಿ ತೆಳು ಲೋಹದ ಪಟ್ಟಿ. ಮೇಲೆ ಅಯಸ್ಕಾಂತ ತಿರುಗಿದಂತೆ ಆ ಪಟ್ಟಿಯೊಳಗೆ ಕಾಂತತ್ವದ ಗಡಿಗಳು ಒಂದೊಂದಾಗಿ ಒಳಗೆ ಸರಿಯುತ್ತವೆ. ಹಿಂದಕ್ಕೆ ತಿರುಗಿಸಿದರೆ ಹಿಂದಕ್ಕೆ ಬರುತ್ತವೆ. ಬನಹಟ್ಟಿಯ ಮಗ್ಗದ ಕಂಡಿಕೆ ನೋಡಿ. ಲೈಟ್ ಹೋಗಲಿ ಬಿಡಲಿ, ಸುತ್ತಿದ ನೂಲು ಸುತ್ತಿದಷ್ಟೇ ಇರುತ್ತದೆ. ಇಲ್ಲೂ ಅಷ್ಟೇ. ಕರೆಂಟ್ ಬೇಕಾಗುವುದು ಓದುವುದಕ್ಕೆ ಮಾತ್ರ, ನೆನಪಿಡುವುದಕ್ಕಲ್ಲ. ಓದುವುದು ಜಿಎಂಆರ್ ಅನ್ನುವ ಪರಿಣಾಮದಿಂದ, 2007ರ ನೊಬೆಲ್ ತಂದುಕೊಟ್ಟ ಅದೇ ಪರಿಣಾಮ. ಜರ್ಮನಿಯ ಯೇನಾ ಊರಿನವರು ಈ ಸುರುಳಿಯ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ. ಅನಲಾಗ್ ಡಿವೈಸಸ್ ಕಂಪನಿಯ ಎಡಿಎಂಟಿ4000 ಚಿಪ್ 46 ಸುತ್ತು ಎಣಿಸುತ್ತದೆ. ಆ ಕಂಪನಿಗೆ ಬೆಂಗಳೂರಿನಲ್ಲೇ ಆಫೀಸಿದೆ. ಅಂದರೆ ಇದು ಚಂದ್ರಲೋಕದ ವಿಷಯ ಅಲ್ಲ.

"ಯುಪಿಎಸ್ ಇಡ್ರಿ, ಮುಗೀತು" ಅನ್ನುತ್ತೀರಿ. ಯುಪಿಎಸ್ ಒಳಗೂ ಬ್ಯಾಟರಿಯೇ ಸ್ವಾಮಿ! ಇನ್ನು ಕೆಲವರದು, "ಸೊನ್ನೆಗೆ ಒಯ್ದು ಮತ್ತೆ ಲೆಕ್ಕ ಶುರು ಮಾಡ್ರಿ" ಅಂತ. ಲೇತ್ ಆದರೆ ಸರಿ, ಹೇಗೋ ಒಯ್ಯಬಹುದು. ಒಡ್ಡಿನ ಗೇಟನ್ನು?

ನಮ್ಮ ಊರುಗಳು ಕೃಷ್ಣೆಯ ದಂಡೆಯವು. ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಕೂಡಿಸಿ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ 1989ರಲ್ಲಿ ಶ್ರಮಬಿಂದು ಸಾಗರ ಕಟ್ಟಿದ ನಾಡು ಇದು. ಮೇಲೆ ಹಿಪ್ಪರಗಿ, ಕೆಳಗೆ ಆಲಮಟ್ಟಿ. 2019ರ ಆಗಸ್ಟಿನ ಮಹಾಪೂರ ನೋಡಿದವರಿಗೆ ಗೊತ್ತು, ನೀರು ಏರಿದಾಗ ಮೊದಲು ಹೋಗುವುದೇ ಲೈಟ್. ಅಂಥ ರಾತ್ರಿ ಜನರೇಟರ್ ಚಾಲೂ ಆದ ಮೇಲೆ ಗೇಟು ಎಷ್ಟು ಎತ್ತಿದೆ ಅಂತ ಕೇಳಿದರೆ ಸೆನ್ಸರ್ "ಗೊತ್ತಿಲ್ಲ, ಪೂರ್ತಿ ಇಳಿಸಿ ತೋರಿಸಿ" ಅಂದರೆ? ಮಹಾಪೂರದಲ್ಲಿ ಗೇಟ್ ಇಳಿಸಿ ಸೊನ್ನೆ ಕೂರಿಸುವ ಎಂಜಿನಿಯರ್ ಯಾರು?

ಉತ್ಪ್ರೇಕ್ಷೆ ಮಾಡುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋಗಿದ್ದು ಚೈನ್ ತುಂಡಾಗಿ. ಯಾವ ಸೆನ್ಸರ್ರೂ ಅದನ್ನು ಉಳಿಸುತ್ತಿರಲಿಲ್ಲ. ಇನ್ನೂ ಹೇಳಬೇಕೆಂದರೆ, ಮೇಲಿನ ಶಾಫ್ಟಿನ ಸುತ್ತು ಮಾತ್ರ ಎಣಿಸುವ ಸೆನ್ಸರ್, ಗೇಟು ಹೋದ ಮೇಲೂ "ಗೇಟ್ ಜಾಗದಲ್ಲೇ ಇದೆ" ಅಂತ ಹೇಳಬಹುದು. ಸುರುಳಿ ಚಿಪ್ಪಿಗೂ ಮಿತಿ ಇದೆ: 46 ಸುತ್ತು ದಾಟಿದರೆ ಗೇರ್ ಹಾಕಬೇಕು, ಪಕ್ಕದಲ್ಲಿ ಜೋರಾದ ಅಯಸ್ಕಾಂತ ಬಂದರೆ ಲೆಕ್ಕ ಕೆಡುತ್ತದೆ. ಇವನ್ನೆಲ್ಲ ಒಪ್ಪುತ್ತೇನೆ. ಆದರೆ ಬ್ಯಾಟರಿ ಸತ್ತು ಲೆಕ್ಕ ಹೋಯಿತು ಅನ್ನುವ ನೆಪವನ್ನು ಮಾತ್ರ ಇನ್ನು ಒಪ್ಪುವುದಿಲ್ಲ.

ದುಡ್ಡಿನ ಮಾತು ಬೇಡ. ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣಕ್ಕೆ ಸುಮಾರು 4,700 ಕೋಟಿ ಸುರಿದು, 2023ರ ಜನವರಿಯಲ್ಲಿ ಕೊಡೇಕಲ್‌ನಲ್ಲಿ ಉದ್ಘಾಟನೆ ಆಯಿತು. ಅಷ್ಟು ಖರ್ಚು ಮಾಡುವ ನಾಡಿಗೆ ಟೆಂಡರಿನಲ್ಲಿ ಒಂದು ಸಾಲು ಹೆಚ್ಚು ಬರೆಯುವುದು ಭಾರವೇ? ನಾವೂ ಕಡಿಮೆಯಿಲ್ಲ ಬಿಡಿ. ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ಓಡಾಡಿಸಿ ಕೊಳ್ಳುವ ಜನ, ಲಕ್ಷಗಟ್ಟಲೆ ಮಷಿನ್ ಕೊಳ್ಳುವಾಗ ಬ್ರೋಷರಿನ ಫೋಟೋ ನೋಡಿ ಅಡ್ವಾನ್ಸ್ ಕೊಡುತ್ತೇವೆ. ಅದರಲ್ಲಿ "ಅಬ್ಸಲ್ಯೂಟ್ ಎನ್‌ಕೋಡರ್" ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಒಂದು ಸುತ್ತಿನೊಳಗೆ ಮಾತ್ರ ಅಬ್ಸಲ್ಯೂಟೋ, ಸುತ್ತಿನ ಲೆಕ್ಕಕ್ಕೂನೋ, ಬ್ಯಾಟರಿ ಬೇಕೋ ಬೇಡವೋ ಅಂತ ಯಾರೂ ಕೇಳುವುದಿಲ್ಲ.

ಕಾಕಾ ಈಗ ಎರಡನೇ ಲೇತ್ ನೋಡುತ್ತಿದ್ದಾರೆ. ಕೊಟೇಶನ್ ಕೇಳುವ ಪತ್ರದಲ್ಲಿ ನಾನೇ ಒಂದು ಸಾಲು ಸೇರಿಸಿದೆ: "ಲೈಟ್ ಇಲ್ಲದಾಗ, ಬ್ಯಾಟರಿ ತೆಗೆದಿಟ್ಟು, ಶಾಫ್ಟನ್ನು ಕೈಯಿಂದ ಐದು ಸುತ್ತು ತಿರುಗಿಸುತ್ತೇವೆ. ಲೈಟ್ ಬಂದ ಮೇಲೆ ಮಷಿನ್ ಐದು ಅನ್ನಬೇಕು." ಮೂವರಿಗೆ ಕಳಿಸಿದ್ದೆವು. ಒಬ್ಬರು ಫೋನ್ ಮಾಡಿ, ಹಿಂಗ ಯಾರೂ ಕೇಳೂದಿಲ್ರಿ ಅಂದರು. ಇನ್ನೊಬ್ಬರು ಕೇಳಿ ಹೇಳುತ್ತೇನೆ ಅಂದಿದ್ದಾರೆ. ಮೂರನೆಯವರ ಉತ್ತರ ಇನ್ನೂ ಬಂದಿಲ್ಲ.