ಮೈಬಗ್ಗಿಸಿ ದುಡಿಯುವವರಿಗೆ ಡಿಪ್ರೆಶನ್ ಬರುವುದೇ ಇಲ್ಲವೇ?

'ಡಿಪ್ರೆಶನ್, ಟೆನ್ಶನ್ ಎಲ್ಲ ಎಸಿ ರೂಮಿನಲ್ಲಿ ಕೂರುವವರ ಕಾಯಿಲೆ. ಹೊಲದಲ್ಲಿ, ಮಗ್ಗದಲ್ಲಿ ದುಡಿದ ನಮ್ಮ ಹಿರಿಯರಿಗೆ ಇದ್ಯಾವುದೂ ಬರಲಿಲ್ಲ.' ಈ ಅರ್ಥದ ಸಂದೇಶಗಳು ವಾಟ್ಸಾಪ್ ಗುಂಪುಗಳಿಗೆ ಆಗಾಗ ಬರುತ್ತಲೇ ಇರುತ್ತವೆ. ಓದಲು ಹಿತವಾಗಿವೆ. ನಿಜವೇ?

ಒಂದು ಪಾಲು ನಿಜ. ದೇಹಕ್ಕೆ ಚಟುವಟಿಕೆ ಇದ್ದರೆ ಮನಸ್ಸಿಗೂ ಒಳ್ಳೆಯದು. ಆದರೆ ಬಿಡುವಿನ ವೇಳೆಯ ನಡಿಗೆ, ಆಟಗಳಿಂದ ಸಿಗುವ ಲಾಭ ಹೊಟ್ಟೆಪಾಡಿನ ದುಡಿಮೆಯಿಂದ ಹಾಗೆಯೇ ಸಿಗುವುದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ.

ಕೆಲಸ ಮನಸ್ಸನ್ನು ಹಿಂಡುವುದು ಹೇಗೆ? ಅಮೆರಿಕದ ಸಂಶೋಧಕ ರಾಬರ್ಟ್ ಕರಸೆಕ್ 1979ರಲ್ಲಿ ಕೊಟ್ಟ ವಿವರಣೆ ಸರಳವಾಗಿದೆ. ಕೆಲಸದ ಹೊರೆ ಹೆಚ್ಚಿದ್ದು, ಆ ಕೆಲಸದ ಮೇಲೆ ನಮ್ಮ ಹಿಡಿತ ಕಡಿಮೆಯಿದ್ದರೆ ಒತ್ತಡ ಅತಿ ಹೆಚ್ಚು. ಇದರಲ್ಲಿ ಎಸಿಯ ಮಾತೇ ಇಲ್ಲ ನೋಡಿ.

ಅಶೋಕನ ಶಾಸನವಿರುವ ಸಿದ್ದಾಪುರದ ಸುತ್ತಲಿನ ಮೊಳಕಾಲ್ಮೂರು ಸೀಮೆಯನ್ನೇ ತೆಗೆದುಕೊಳ್ಳಿ. ರೇಷ್ಮೆ ಸೀರೆಗೆ ಹೆಸರಾದ ಜಾಗ. ಕೂಲಿ ನೇಯುವವರಿಗೆ ದುಡ್ಡು ಸೀರೆಯ ಲೆಕ್ಕದಲ್ಲಿ. ಕಂಡಿಕೆ ಸುತ್ತಲು ಮನೆಮಂದಿಯೂ ಕೂರಬೇಕು. ರೇಷ್ಮೆಯ ಬೆಲೆ, ಸೀರೆಯ ಬೇಡಿಕೆ, ಪವರ್‌ಲೂಮ್‌ನ ಪೈಪೋಟಿ ಯಾವುದೂ ನೇಕಾರರ ಕೈಯಲ್ಲಿಲ್ಲ. ಮಳೆ ನಂಬಿ ಶೇಂಗಾ ಬಿತ್ತುವ ರೈತರದ್ದೂ ಅಷ್ಟೇ. ಮಗ್ಗ ಮನೆಯೊಳಗೇ ಇರುವುದರಿಂದ 'ಆಫೀಸು ಮುಗಿಯಿತು' ಎನ್ನುವ ಗಳಿಗೆಯೂ ಇಲ್ಲ. ವರ್ಕ್ ಫ್ರಮ್ ಹೋಮ್ ಕಷ್ಟ ಐಟಿಯವರಿಗೆ ಕೊರೊನಾ ಕಾಲದಲ್ಲಿ ಗೊತ್ತಾಯಿತು, ಇವರಿಗೆ ತಲೆಮಾರುಗಳಿಂದ ಗೊತ್ತು.

ದುಡಿಮೆಯ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿವೆ. 'ವಾರಕ್ಕೆ 70 ಗಂಟೆ ದುಡಿಯಿರಿ' ಎನ್ನುವ ಫಾರ್ವರ್ಡ್ ಬಂದಾಗ ಈ ಅಂಕಿಯನ್ನೂ ಜೊತೆಗೆ ಕಳಿಸಬಹುದು.

ಹಾಗಾದರೆ ಹಿರಿಯರಿಗೆ ಬರಲಿಲ್ಲವೇ? ಬಂದಿತ್ತು, ಹೆಸರಿರಲಿಲ್ಲ. ತಲೆಭಾರ, ಮೈಕೈ ನೋವು, ನಿದ್ದೆಯಿಲ್ಲ, ಊಟ ಸೇರಲ್ಲ ಎಂದು ಅದು ಹೊರಬರುತ್ತಿತ್ತು. ಈಗಲೂ ಹಾಗೇ ಬರುತ್ತದೆ. ಹಳ್ಳಿಗಳಿಗೂ ಮಾನಸಿಕ ಚಿಕಿತ್ಸೆ ಬೇಕೆಂದೇ ನಿಮ್ಹಾನ್ಸ್ 1980ರ ದಶಕದಲ್ಲಿ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟಿತು. ಆ 'ಬಳ್ಳಾರಿ ಮಾದರಿ'ಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಮಹಾನಗರಗಳಲ್ಲಿ ಸಮಸ್ಯೆ ಹೆಚ್ಚು ಕಂಡಿದ್ದು ಹೌದು. ಆದರೆ ಖಿನ್ನತೆ, ಆತಂಕದಂಥ ಸಮಸ್ಯೆ ಇದ್ದವರಲ್ಲಿ 10ಕ್ಕೆ 8ಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. 'ನಮ್ಮಂಥವರಿಗೆ ಇದೆಲ್ಲ ಬರಲ್ಲ' ಎನ್ನುವ ಫಾರ್ವರ್ಡ್ ಹಾನಿ ಮಾಡುವುದು ಇಲ್ಲೇ: ನರಳುತ್ತಿರುವವರು ಆಸ್ಪತ್ರೆಗೆ ಹೋಗಲು ನಾಚುತ್ತಾರೆ.

ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಇಲ್ಲ, ಬದುಕು ಬೇಡವೆನಿಸುತ್ತಿದೆ ಎಂದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.